ಜಪಾನ್‌ನ ವಿಚಿತ್ರ ಜಾಗಗಳನ್ನು ನೋಡಬೇಕಾ? ಮೊದಲು ಕೊನೆಯ ಬಸ್ ಹುಡುಕಿ

ಜಪಾನ್‌ಗೆ ಹೊರಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಟೋಕಿಯೊ, ಕ್ಯೋಟೊ, ಫುಜಿ ಬೆಟ್ಟ ಎಲ್ಲರೂ ನೋಡುತ್ತಾರೆ. ಆದರೆ ಮೊಲಗಳ ದ್ವೀಪ, ಬೆರ್ಚಪ್ಪಗಳ ಹಳ್ಳಿ, ಸಾವಿರಾರು ಬೆಕ್ಕಿನ ಗೊಂಬೆ ಇರುವ ದೇವಸ್ಥಾನ ಅಂತ ವಿಡಿಯೊಗಳಲ್ಲಿ ಕಾಣಿಸುತ್ತವಲ್ಲ, ಅಲ್ಲಿಗೆಲ್ಲ ಹೋಗೋದು ಹೇಗೆ? ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಜಾಗಗಳು ಕಷ್ಟದವಲ್ಲ. ಕಾಡು ಹತ್ತಿ ಹೋಗಬೇಕಿಲ್ಲ, ಗೈಡ್ ಬೇಕಿಲ್ಲ. ಹೆಚ್ಚಿನ ಕಡೆಗೆ ರೈಲು, ಬಸ್ಸು ಅಥವಾ ದೋಣಿ ಇದ್ದೇ ಇದೆ. ತೊಂದರೆ ಏನೆಂದರೆ ಹಳ್ಳಿಗಳ ಕಡೆ ಅವು ದಿನಕ್ಕೆ ಮೂರೋ ನಾಲ್ಕೋ ಸಲ ಮಾತ್ರ ಓಡಾಡುವುದುಂಟು, ವಾರದಲ್ಲಿ ಒಂದು ದಿನ ಜಾಗವೇ ಮುಚ್ಚಿರುತ್ತದೆ, ಕೆಲವು ಕಡೆ ಚಳಿಗಾಲ ಪೂರ್ತಿ ಬಾಗಿಲು ಹಾಕಿರುತ್ತಾರೆ. ಜಾಗದ ಬಗ್ಗೆ ನೂರು ವಿಡಿಯೊ ನೋಡಿ ವೇಳಾಪಟ್ಟಿ ನೋಡದೆ ಹೋಗುವವರೇ ಜಾಸ್ತಿ. ನೀವು ಅದನ್ನು ತಿರುವುಮುರುವು ಮಾಡಿ. ಮೊದಲು ವೇಳಾಪಟ್ಟಿ, ಆಮೇಲೆ ವಿಡಿಯೊ.

ಹೊರಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಫೋನಿನಲ್ಲಿ ಜಪಾನ್‌ನ ಇಂಟರ್ನೆಟ್ ಇರಬೇಕು, ಇಸಿಮ್ (ಚಿಪ್ ಹಾಕದೆ ಫೋನಿನಲ್ಲೇ ಚಾಲೂ ಮಾಡುವ ಸಿಮ್) ಆದರೂ ಸರಿ. ಅನುವಾದದ ಆ್ಯಪ್ ಬೇಕು. ಅದರಲ್ಲಿ ಜಪಾನಿ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಬೆಟ್ಟದ ಕಡೆ ಸಿಗ್ನಲ್ ಕೈಕೊಡುತ್ತದೆ. ನಗದು ಬೇಕು, ಸಾವಿರ ಯೆನ್ ನೋಟು ಮತ್ತು ಚಿಲ್ಲರೆ ಜಾಸ್ತಿ ಇರಲಿ. ಇನ್ನೊಂದು ಸಣ್ಣ ಕೆಲಸ: ನೋಡಬೇಕಾದ ಪ್ರತಿ ಜಾಗದ ಹೆಸರನ್ನೂ ಜಪಾನಿ ಅಕ್ಷರದಲ್ಲೇ ಕಾಪಿ ಮಾಡಿ ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಮ್ಯಾಪಿನಲ್ಲಿ ಇಂಗ್ಲಿಷ್ ಹೆಸರು ಹಾಕಿದರೆ ಎಷ್ಟೋ ಸಣ್ಣ ಬಸ್ ನಿಲ್ದಾಣಗಳು ಸಿಗುವುದೇ ಇಲ್ಲ. ಟ್ಯಾಕ್ಸಿ ಚಾಲಕರಿಗೂ ಅದನ್ನೇ ತೋರಿಸಿದರೆ ಸಾಕು, ಬಾಯಿ ಬಿಡಬೇಕಿಲ್ಲ.

1. ಜಾಗವನ್ನಲ್ಲ, ತಂಗುವ ಊರನ್ನು ಮೊದಲು ಆರಿಸಿ

ಹೆಚ್ಚಿನವರು ಮಾಡುವ ತಪ್ಪು ಇಲ್ಲೇ ಶುರುವಾಗುತ್ತದೆ. ಮೊಲದ ದ್ವೀಪ ಹಿರೋಶಿಮಾ ಜಿಲ್ಲೆಯಲ್ಲಿ, ಭತ್ತದ ಗದ್ದೆಯ ಚಿತ್ರಗಳು ಉತ್ತರದ ಅಓಮೊರಿಯಲ್ಲಿ, 'ನರಕ' ಎಂದು ಕರೆಯುವ ಕುದಿಯುವ ನೀರಿನ ಬುಗ್ಗೆಗಳು ದಕ್ಷಿಣದ ಬೆಪ್ಪುವಿನಲ್ಲಿ. ಮೂರನ್ನೂ ಒಂದು ವಾರದಲ್ಲಿ ಹಾಕಿಕೊಂಡರೆ ನೀವು ನೋಡುವುದು ರೈಲಿನ ಕಿಟಕಿ ಮಾತ್ರ. ಹತ್ತು ದಿನದ ಪ್ರವಾಸಕ್ಕೆ ಎರಡು ಅಥವಾ ಮೂರು ಊರು ಸಾಕು. ಪ್ರತಿ ಊರಿನಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಪ್ರವಾಸ ಹಾಕಿಕೊಳ್ಳಿ. ಜಪಾನಿನವರು ಇದಕ್ಕೆ ಹಿಗಾಯೆರಿ ಎನ್ನುತ್ತಾರೆ. ವೀಸಾ ಅರ್ಜಿಗೆ ದಿನವಾರು ಯೋಜನೆ ಕೊಡಬೇಕಾಗುತ್ತದಲ್ಲ, ಅಲ್ಲೂ ಈ ತರಹ ಮಾಡಿದರೆ ಬರೆಯುವುದು ಸುಲಭ.

ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇರುವುದರಿಂದ ನಮ್ಮವರಿಗೆ ಟೋಕಿಯೊದಿಂದ ಶುರು ಮಾಡುವುದು ಸಹಜ. ಮೊದಲ ಸಲ ಹೋಗುವವರು ಟೋಕಿಯೊ ಮತ್ತು ಒಸಾಕಾ ಎರಡನ್ನೇ ಇಟ್ಟುಕೊಳ್ಳಿ. ಎರಡನೇ ಸಲ ಹೋದಾಗ ಹಿರೋಶಿಮಾ, ತಕಾಮತ್ಸು, ಬೆಪ್ಪು ಕಡೆ ಹೋಗಬಹುದು.

2. ಒಂದು ಊರಿಗೆ ಒಂದೋ ಎರಡೋ ಜಾಗ ಆರಿಸಿ

ಎಲ್ಲವನ್ನೂ ಇಲ್ಲಿ ಪಟ್ಟಿ ಮಾಡುವುದಿಲ್ಲ. ನನಗೆ ಇಷ್ಟವಾದ, ಹೋಗಲು ಸಾಧ್ಯವಾಗುವ ಕೆಲವನ್ನು ಮಾತ್ರ ಹೇಳುತ್ತೇನೆ.

ಟೋಕಿಯೊದಲ್ಲಿ ಅರ್ಧ ದಿನ ಇದ್ದರೆ ಮೆಗುರೊದ ಪರಾವಲಂಬಿ ಜೀವಿಗಳ ಮ್ಯೂಸಿಯಂಗೆ ಹೋಗಿ. ಪರಾವಲಂಬಿ ಎಂದರೆ ಇನ್ನೊಂದು ಪ್ರಾಣಿಯ ದೇಹದಲ್ಲಿ ಬದುಕುವ ಹುಳು, ಕ್ರಿಮಿಗಳು. 1953ರಲ್ಲಿ ಶುರುವಾದ ಮ್ಯೂಸಿಯಂ ಇದು, ಪ್ರವೇಶ ಉಚಿತ. 8.8 ಮೀಟರ್ ಉದ್ದದ ಲಾಡಿಹುಳು ಅಲ್ಲಿದೆ. ಪಕ್ಕದಲ್ಲೇ ಅಷ್ಟೇ ಉದ್ದದ ಒಂದು ಪಟ್ಟಿ ಇಟ್ಟಿದ್ದಾರೆ, ಅದನ್ನು ಕೈಯಲ್ಲಿ ಹಿಡಿದು ಎಳೆದಾಗಲೇ ಆ ಉದ್ದ ಏನು ಅಂತ ಅರ್ಥವಾಗುವುದು. ಊಟಕ್ಕೆ ಮುಂಚೆ ಬೇಡ ಅಷ್ಟೇ. ಸೋಮವಾರ ಮತ್ತು ಮಂಗಳವಾರ ರಜೆ.

ಸೆತಗಾಯಾ ಕಡೆ ಇರುವ ಗೋತೊಕುಜಿ ದೇವಸ್ಥಾನದಲ್ಲಿ ಕೈ ಎತ್ತಿ ಕರೆಯುವ ಬಿಳಿ ಬೆಕ್ಕಿನ ಗೊಂಬೆಗಳು ಸಾಲು ಸಾಲಾಗಿ ಕೂತಿವೆ. ಬಿರುಗಾಳಿ ಮಳೆಯ ಹೊತ್ತಿಗೆ ಒಬ್ಬ ಪಾಳೇಗಾರನನ್ನು ಬೆಕ್ಕೊಂದು ಕೈ ಬೀಸಿ ಗುಡಿಯೊಳಗೆ ಕರೆದು ಕಾಪಾಡಿತು ಎಂಬ ಕಥೆ. ಭಕ್ತರು ಗೊಂಬೆ ತಂದಿಟ್ಟು ಹರಕೆ ಹೇಳಿಕೊಳ್ಳುತ್ತಾರೆ. ಒಳ್ಳೆ ಫೋಟೊ ಬರಲಿ ಅಂತ ಆ ಗೊಂಬೆಗಳನ್ನು ಸರಿಸಬೇಡಿ, ಪ್ರತಿಯೊಂದೂ ಯಾರದೋ ಹರಕೆ.

ಅಸಾಕುಸಾಗೆ ಎಲ್ಲರೂ ಹೋಗುತ್ತಾರೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಮತ್ಸುಚಿಯಾಮಾ ಶೋದೆನ್ ಸಿಗುತ್ತದೆ. ಇಲ್ಲಿರುವ ದೇವರು ಕಾಂಗಿತೆನ್, ಅಂದರೆ ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದ ನಮ್ಮ ಗಣಪತಿ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ, ಕಾಂಗಿತೆನ್ ಪೂಜೆಯ ಪದ್ಧತಿಯೇ ಹಾಗೆ. ಕಡುಬು ಇಲ್ಲ, ಮೋದಕ ಇಲ್ಲ. ಇಲ್ಲಿ ಗಣಪನಿಗೆ ಇಡುವುದು ಇಡೀ ಮೂಲಂಗಿ! ಪೂಜೆಯಾದ ಮೂಲಂಗಿಯನ್ನು ಬಂದವರಿಗೆ ಹಂಚುವುದೂ ಇದೆ, ನಮ್ಮ ಪ್ರಸಾದದ ಹಾಗೆ. ಗಣಪತಿಯನ್ನು ಚಿಕ್ಕಂದಿನಿಂದ ನೋಡಿದ ನಮಗೆ ಈ ಗುಡಿಯಲ್ಲಿ ಸಿಗುವ ಸಂತೋಷ ಬೇರೆ ಪ್ರವಾಸಿಗೆ ಸಿಗಲಿಕ್ಕಿಲ್ಲ.

ಕಾಂಗಿತೆನ್ ಇಷ್ಟವಾದರೆ ಒಸಾಕಾ ಕಡೆ ಹೋದಾಗ ಇಕೋಮಾದ ಹೋಝಾನ್‌ಜಿಗೂ ಹೋಗಿ. 1678ರ ದೇವಸ್ಥಾನ, ಬೆಟ್ಟದ ಮೇಲಿದೆ. ಹತ್ತುವುದು ಕೇಬಲ್ ಕಾರಿನಲ್ಲಿ, ಅಂದರೆ ಹಗ್ಗ ಕಟ್ಟಿ ಹಳಿಯ ಮೇಲೆ ಎಳೆಯುವ ಸಣ್ಣ ರೈಲು. 1918ರಿಂದ ಓಡುತ್ತಿರುವ ಜಪಾನ್‌ನ ಅತಿ ಹಳೆಯ ಕೇಬಲ್ ಮಾರ್ಗ ಇದು. ಅದರ ಬೋಗಿಗಳಲ್ಲಿ ಒಂದಕ್ಕೆ ಬೆಕ್ಕಿನ ಮುಖ, ಒಂದಕ್ಕೆ ನಾಯಿಯ ಮುಖ. ಗಣಪತಿಯನ್ನು ನೋಡಲು ಬೆಕ್ಕಿನ ಮೇಲೆ ಕೂತು ಹೋಗುವ ಜಾಗ ಇನ್ನೆಲ್ಲಿದೆ ಹೇಳಿ?

ಕ್ಯೋಟೊದ ಬಿದಿರು ಕಾಡಿನಲ್ಲಿ ಜನಜಂಗುಳಿ ನೋಡಿ ಬೇಸರವಾದರೆ ಅಲ್ಲಿಂದ ಇನ್ನೂ ಮೇಲಕ್ಕೆ ಒತಾಗಿ ನೆನ್‌ಬುತ್ಸುಜಿಗೆ ಹೋಗಿ. 1200 ಕಲ್ಲಿನ ಮೂರ್ತಿಗಳಿವೆ. 1981ರಿಂದ 1991ರವರೆಗೆ ಇವುಗಳನ್ನು ಕೆತ್ತಿದವರು ಶಿಲ್ಪಿಗಳಲ್ಲ, ಸಾಮಾನ್ಯ ಜನ. ಶಿಲ್ಪಿಯೂ ಆಗಿದ್ದ ಅಲ್ಲಿನ ಅರ್ಚಕರು ಕೆತ್ತುವುದನ್ನು ಅವರಿಗೆ ಕಲಿಸಿದರು. ಒಬ್ಬನ ಕೈಯಲ್ಲಿ ಟೆನಿಸ್ ರ‍್ಯಾಕೆಟ್ ಇದೆ, ಹಲವರು ನಗುತ್ತಿದ್ದಾರೆ, ಎಲ್ಲರ ತಲೆ ಮೇಲೂ ಪಾಚಿ. ಬಸ್ಸಿನಲ್ಲಿ ಗುಡಿಯ ಮುಂದೆ ಇಳಿದು, ವಾಪಸ್ ಇಳಿಜಾರಿನಲ್ಲಿ ನಡೆದು ಬನ್ನಿ. ಉಲ್ಟಾ ಮಾಡಿದರೆ ಸುಮ್ನೆ ಏರು ಹತ್ತಿ ಸುಸ್ತು.

ಎಂಜಿನಿಯರಿಂಗ್ ಇಷ್ಟಪಡುವವರಿಗೆ ಸೈತಾಮಾ ಜಿಲ್ಲೆಯ ಕಸುಕಾಬೆಯಲ್ಲಿ ನೆಲದಡಿಯ ನೆರೆ ನೀರಿನ ತೊಟ್ಟಿ ಇದೆ. ಮಳೆ ಜೋರಾದಾಗ ಸಣ್ಣ ನದಿಗಳ ನೀರನ್ನು ಸುಮಾರು 50 ಮೀಟರ್ ಆಳದ, 6.3 ಕಿ.ಮೀ. ಉದ್ದದ ಸುರಂಗಕ್ಕೆ ಇಳಿಸಿ, ಕೊನೆಗೆ ಪಂಪ್ ಮಾಡಿ ದೊಡ್ಡ ನದಿಗೆ ಬಿಡುತ್ತಾರೆ. ಪಂಪಿಗೆ ಹೋಗುವ ಮುಂಚೆ ನೀರಿನ ರಭಸ ತಗ್ಗಿಸಲು ಕಟ್ಟಿದ ತೊಟ್ಟಿಯನ್ನೇ ನಾವು ನೋಡುವುದು. 177 ಮೀಟರ್ ಉದ್ದ, 78 ಮೀಟರ್ ಅಗಲ, ಒಳಗೆ 500 ಟನ್ ತೂಕದ 59 ಕಂಬಗಳು. ಪ್ರತಿ ಮಳೆಗೂ ರಸ್ತೆ ಮುಳುಗುವ ಊರಿನಿಂದ ಹೋದವರು ಆ ಕಂಬಗಳ ನಡುವೆ ಸ್ವಲ್ಪ ಹೊತ್ತು ಜಾಸ್ತಿಯೇ ನಿಲ್ಲುತ್ತಾರೆ. ಮುಂಗಡ ಬುಕಿಂಗ್ ಕಡ್ಡಾಯ. ಲಿಫ್ಟ್ ಇಲ್ಲ, ನೂರಕ್ಕೂ ಜಾಸ್ತಿ ಮೆಟ್ಟಿಲು. ತೊಟ್ಟಿಗೆ ನೀರು ಬಂದ ದಿನ ಪ್ರವಾಸ ರದ್ದಾಗುತ್ತದೆ, ಹಾಗಾಗಿ ಆ ದಿನಕ್ಕೆ ಟೋಕಿಯೊದಲ್ಲೇ ಇನ್ನೊಂದು ಜಾಗ ಯೋಚಿಸಿಟ್ಟಿರಿ.

ಉತ್ತರಕ್ಕೆ ಹೋಗುವವರಿಗೆ ಅಓಮೊರಿಯ ಇನಾಕಾದತೆ ಹಳ್ಳಿ. ಬೇರೆ ಬೇರೆ ಬಣ್ಣದ ಭತ್ತದ ತಳಿಗಳನ್ನು ಕೈಯಲ್ಲೇ ನಾಟಿ ಮಾಡಿ ಇಡೀ ಗದ್ದೆಯಲ್ಲಿ ಚಿತ್ರ ಬಿಡಿಸುತ್ತಾರೆ. 1993ರಲ್ಲಿ ಶುರು ಮಾಡಿದರು. ಕೋಟೆಯಂತೆ ಕಟ್ಟಿರುವ ಹಳ್ಳಿಯ ಕಚೇರಿಯ ಮೇಲಿಂದ ನೋಡಬೇಕು. ಕೆಳಗೆ ನಿಂತರೆ ಬರೀ ಗದ್ದೆ.

ನಗೋರೊ ಬಗ್ಗೆ ತುಂಬಾ ಜನ ಕೇಳುತ್ತಾರೆ. ಶಿಕೋಕು ದ್ವೀಪದ ಇಯಾ ಕಣಿವೆಯಲ್ಲಿರುವ ಹಳ್ಳಿ. ಜನ ಊರು ಬಿಡುತ್ತಾ ಹೋದರು, ಅಲ್ಲಿಯ ಮಹಿಳೆಯೊಬ್ಬರು ಆಳೆತ್ತರದ ಬೆರ್ಚಪ್ಪಗಳನ್ನು ಮಾಡಿ ಬಸ್ ನಿಲ್ದಾಣದಲ್ಲಿ, ಗದ್ದೆ ಬದುವಿನಲ್ಲಿ, 2012ರಲ್ಲಿ ಮುಚ್ಚಿದ ಶಾಲೆಯ ಬೆಂಚುಗಳಲ್ಲಿ ಕೂರಿಸಿದರು. ಈಗ ಜನರಿಗಿಂತ ಅವೇ ಜಾಸ್ತಿ. ಇದು ಭೂತದ ಊರು ಅಲ್ಲ. 'ಭಯಾನಕ ಹಳ್ಳಿ' ಎಂದು ವಿಡಿಯೊ ಮಾಡುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆ ಕಂಡವರಿಗೆ ನಗೋರೊ ಏನು ಅಂತ ವಿವರಿಸಬೇಕಿಲ್ಲ.

ಹೋಗಬೇಡಿ ಅಂತ ಹೇಳುವ ಜಾಗವೂ ಒಂದಿದೆ, ಎಹಿಮೆ ಜಿಲ್ಲೆಯ ಬೆಕ್ಕಿನ ದ್ವೀಪ ಅಓಶಿಮಾ. ಅಲ್ಲಿ ಉಳಿದಿರುವುದು ಬೆರಳೆಣಿಕೆಯ ವಯಸ್ಸಾದವರು. ಅಂಗಡಿ ಇಲ್ಲ, ಹೋಟೆಲ್ ಇಲ್ಲ, ದೋಣಿಯೂ ಚಿಕ್ಕದು. ಬೆಕ್ಕುಗಳಿಗೆ ಸಂತಾನಶಕ್ತಿ ಹರಣ ಆಗಿದೆ, ಅವೂ ಮುದಿಯಾಗಿವೆ. ಆ ಊರನ್ನು ಅದರ ಪಾಡಿಗೆ ಬಿಡೋಣ.

3. ರಜೆ ಮತ್ತು ಋತು ನೋಡಿ

ತೇಕ್ಯೂಬಿ ಎಂಬ ಪದ ನೆನಪಿಟ್ಟುಕೊಳ್ಳಿ, ವಾರದ ರಜಾ ದಿನ ಎಂದರ್ಥ. ಜಪಾನ್‌ನ ಹೆಚ್ಚಿನ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಇಲ್ಲೊಂದು ಹೊಂಡ ಇದೆ: ಸೋಮವಾರ ಸರ್ಕಾರಿ ರಜೆ ಬಂದರೆ ಅಂದು ತೆರೆದಿಟ್ಟು ಮಂಗಳವಾರ ಮುಚ್ಚುತ್ತಾರೆ. ಸೋಮವಾರ ತಪ್ಪಿಸಿ ಮಂಗಳವಾರ ಹೋದವರು ಬಾಗಿಲು ನೋಡಿ ಬಂದದ್ದು ಎಷ್ಟೋ ಸಲ.

ಋತುವೂ ಅಷ್ಟೇ ಮುಖ್ಯ. ಇನಾಕಾದತೆ ಚಿತ್ರ ಚೆನ್ನಾಗಿ ಕಾಣುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಅದೇ ಜಿಲ್ಲೆಯ ಒಸೊರೆಜಾನ್, ಅಂದರೆ ಗಂಧಕದ ಹೊಗೆ ಏಳುವ, ಸತ್ತವರ ಲೋಕದ ಬಾಗಿಲು ಎಂದು ನಂಬುವ ಬೆಟ್ಟ, ಮೇನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಆಗಸ್ಟ್ ಮಧ್ಯ ಮತ್ತು ಹೊಸ ವರ್ಷ, ಈ ಮೂರು ಸಮಯದಲ್ಲಿ ಇಡೀ ಜಪಾನ್ ಪ್ರವಾಸದಲ್ಲಿರುತ್ತದೆ. ಆಗ ಸಣ್ಣ ದೋಣಿಗಳಿಗೆ ಉದ್ದ ಸಾಲು ಇರುತ್ತದೆ.

4. ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಎಂದರೆ ಇದನ್ನು ಓದಿ.

ಮೊಲದ ದ್ವೀಪವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರು ಒಕುನೋಶಿಮಾ. ಹಿರೋಶಿಮಾದಲ್ಲಿ ತಂಗಿದ್ದೀರಿ. ಮೊದಲು ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲು ಹಿಡಿದು ಮಿಹಾರಾ. ಇಲ್ಲಿ ನೊಝೊಮಿ ಎಂಬ ಅತಿವೇಗದ ರೈಲು ನಿಲ್ಲುವುದಿಲ್ಲ, ಎಲ್ಲ ಕಡೆ ನಿಲ್ಲುವ ಕೊದಾಮಾ ಬೇಕು. ಮಿಹಾರಾದಿಂದ ಕುರೆ ಮಾರ್ಗದ ಸಣ್ಣ ರೈಲಿನಲ್ಲಿ ಸುಮಾರು 25 ನಿಮಿಷ, ತದಾನೊಉಮಿ ನಿಲ್ದಾಣ. ಅಲ್ಲಿಂದ ಕೆಲವು ನಿಮಿಷ ನಡೆದರೆ ದಕ್ಕೆ. ದೋಣಿಯಲ್ಲಿ 15 ನಿಮಿಷ.

ಈಗ ಲೆಕ್ಕ ಹಿಂದಿನಿಂದ ಮಾಡಿ. ದ್ವೀಪದಿಂದ ಹೊರಡುವ ಕೊನೆಯ ದೋಣಿ ಎಷ್ಟಕ್ಕೆ? ಅದನ್ನು ಮರೆತುಬಿಡಿ, ಅದರ ಹಿಂದಿನ ದೋಣಿಯನ್ನು ನಿಮ್ಮದು ಎಂದುಕೊಳ್ಳಿ. ಕೊನೆಯದು ಆಪತ್ತಿಗೆ. ಆ ದೋಣಿಗೆ ಹೊಂದುವ ರೈಲು ಯಾವುದು, ನಡುವೆ ಎಷ್ಟು ಹೊತ್ತು ಇದೆ? ಕುರೆ ಮಾರ್ಗದ ರೈಲು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ಹತ್ತಿರ ಕಾಯಬೇಕಾಗಬಹುದು. ದ್ವೀಪದಲ್ಲಿ ಮೂರು ಗಂಟೆ ಬೇಕು, ಸುತ್ತಳತೆ ಸುಮಾರು 4 ಕಿ.ಮೀ. ಅದರಿಂದ ಹಿಂದಕ್ಕೆ ಎಣಿಸಿದರೆ ಹಿರೋಶಿಮಾದಿಂದ ಎಷ್ಟಕ್ಕೆ ಹೊರಡಬೇಕು ಅಂತ ಗೊತ್ತಾಗುತ್ತದೆ. ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಫೋಟೊ ತೆಗೆದಿಟ್ಟುಕೊಳ್ಳಿ.

ಮ್ಯಾಪ್ ಆ್ಯಪನ್ನು ಪೂರ್ತಿ ನಂಬಬೇಡಿ. ದೊಡ್ಡ ರೈಲುಗಳಿಗೆ ಅದು ಸರಿ. ಹಳ್ಳಿಯ ಬಸ್ಸು, ಸಣ್ಣ ದೋಣಿಗಳ ಸಮಯ ಅದರಲ್ಲಿ ಇರುವುದೇ ಇಲ್ಲ, ಇದ್ದರೂ ಹಳೆಯದಿರಬಹುದು. ಆಯಾ ಊರಿನ ಅಥವಾ ಬಸ್ ಕಂಪನಿಯ ವೆಬ್‌ಸೈಟಿನಲ್ಲೇ ನೋಡಿ. ವಾರದ ದಿನಕ್ಕೆ ಒಂದು ಪಟ್ಟಿ, ಶನಿವಾರ, ಭಾನುವಾರ, ರಜಾ ದಿನಕ್ಕೆ ಬೇರೆ ಪಟ್ಟಿ ಇರುತ್ತದೆ. ನಾನೇ ಒಮ್ಮೆ ಪಟ್ಟಿ ಅದಲು ಬದಲು ಓದಿ ಬೆಟ್ಟದ ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಕೂತಿದ್ದೆ.

ದ್ವೀಪದ ಬಗ್ಗೆ ಇನ್ನೊಂದಿಷ್ಟು. ಮೊಲದ ತಿಂಡಿಯನ್ನು ದೋಣಿ ಹತ್ತುವ ಮುಂಚೆ ದಕ್ಕೆಯಲ್ಲೇ ಕೊಂಡುಕೊಳ್ಳಿ. ರಸ್ತೆಯ ಮೇಲೆ ತಿನ್ನಿಸಬೇಡಿ, ಎತ್ತಿಕೊಳ್ಳಬೇಡಿ, ಓಡಿಸಬೇಡಿ. ಉಳಿದ ತಿಂಡಿಯನ್ನು ರಾಶಿ ಹಾಕಿ ಬರಬೇಡಿ. ಮತ್ತೆ, ದಯವಿಟ್ಟು ಮೊಲ ನೋಡಿ ಹಾಗೇ ವಾಪಸ್ ಬರಬೇಡಿ. 1929ರಿಂದ 1945ರವರೆಗೆ ಇಲ್ಲಿ ಜಪಾನ್ ಸೇನೆಯ ವಿಷಾನಿಲ ಕಾರ್ಖಾನೆ ಇತ್ತು. ಗುಟ್ಟಾಗಿಡಲು ದ್ವೀಪವನ್ನೇ ನಕ್ಷೆಯಿಂದ ತೆಗೆದಿದ್ದರು. ಇಲ್ಲಿ ತಯಾರಾದ ವಿಷ ಚೀನಾದ ಜನರ ಮೇಲೆ ಬಿತ್ತು, ತಯಾರಿಸಿದ ಕೆಲಸಗಾರರೂ ವರ್ಷಗಟ್ಟಲೆ ನರಳಿದರು. 1988ರಲ್ಲಿ ತೆರೆದ ಸಣ್ಣ ಮ್ಯೂಸಿಯಂ ಇದೆ, ಅರ್ಧ ಗಂಟೆಯಲ್ಲಿ ನೋಡಬಹುದು. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಮೊಲಗಳ ಹತ್ತಿರ ಕೂತುಕೊಳ್ಳಿ. ಈ ಮೊಲಗಳು ಕಾರ್ಖಾನೆಯ ಪ್ರಯೋಗದ ಮೊಲಗಳ ಮರಿಗಳು ಎಂದು ಹೇಳುವವರಿದ್ದಾರೆ. ಆದರೆ 1971ರಲ್ಲಿ ಒಂದು ಶಾಲೆಯಿಂದ ತಂದುಬಿಟ್ಟ ಎಂಟು ಮೊಲಗಳಿಂದ ಬೆಳೆದವು ಎಂಬುದೇ ಹೆಚ್ಚು ಜನ ಒಪ್ಪುವ ಮಾತು.

5. ಪಾಸ್ ಕೊಳ್ಳುವ ಮುಂಚೆ ಕೂಡಿಸಿ ನೋಡಿ

ಜೆಆರ್ ಪಾಸ್ ಎಂದರೆ ಜೆಆರ್ (ಜಪಾನ್ ರೈಲ್ವೇಸ್) ಕಂಪನಿಗಳ ರೈಲುಗಳಲ್ಲಿ ನಿಗದಿತ ದಿನಗಳವರೆಗೆ ಎಷ್ಟು ಬೇಕಾದರೂ ಓಡಾಡಲು ವಿದೇಶಿ ಪ್ರವಾಸಿಗರಿಗೆ ಕೊಡುವ ಟಿಕೆಟ್. ಏಳು ದಿನದ ಸಾಮಾನ್ಯ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ ಒಮ್ಮೆಗೇ 50,000 ಯೆನ್‌ಗೆ ಏರಿತು. ಹಳೆಯ ಲೇಖನ ಓದಿ 'ಕಣ್ಣು ಮುಚ್ಚಿ ಕೊಳ್ಳಿ' ಎನ್ನುವವರ ಮಾತು ಕೇಳಬೇಡಿ. ಟೋಕಿಯೊ-ಕ್ಯೋಟೊ ಒಂದು ಕಡೆಗೆ ಸುಮಾರು 14,000 ಯೆನ್, ಹೋಗಿ ಬಂದರೂ ಪಾಸಿನ ದುಡ್ಡು ಹುಟ್ಟುವುದಿಲ್ಲ.

ಇನ್ನೂ ದೊಡ್ಡ ವಿಷಯ ಇದು: ನಾವು ಹೋಗಬೇಕಾದ ಜಾಗಗಳು ಬಹುತೇಕ ಜೆಆರ್ ಮಾರ್ಗದಲ್ಲೇ ಇಲ್ಲ. ಗೋತೊಕುಜಿಗೆ ಒದಾಕ್ಯೂ, ಇಕೋಮಾಗೆ ಕಿಂತೆತ್ಸು, ಮುಂದೆ ಹೇಳಲಿರುವ ಬೆಟ್ಟದ ಊರು ಕೋಯಾಸಾನ್‌ಗೆ ನಾಂಕಾಯ್, ಇನಾಕಾದತೆಗೆ ಕೋನಾನ್. ಎಲ್ಲವೂ ಖಾಸಗಿ ರೈಲುಗಳು, ಪಾಸ್ ಅಲ್ಲಿ ನಡೆಯುವುದಿಲ್ಲ. ಸುಯಿಕಾ, ಇಕೋಕಾದಂತಹ ಐಸಿ ಕಾರ್ಡ್, ಅಂದರೆ ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸುವ ಕಾರ್ಡ್ ಇಟ್ಟುಕೊಳ್ಳಿ. ಆದರೆ ಸಣ್ಣ ಊರುಗಳಲ್ಲಿ ಅದೂ ನಡೆಯದೆ ಇರಬಹುದು. ನಗದು ಖಾಲಿಯಾದರೆ ಸೆವೆನ್ ಇಲೆವೆನ್ ಅಂಗಡಿಯ ಎಟಿಎಂಗಳಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ, ಹಳ್ಳಿಗೆ ಹೊರಡುವ ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಳ್ಳಿ. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದಿವೆ, ಹಳೆಯ ಯಂತ್ರಗಳು ಕೆಲವು ಅದನ್ನು ತೆಗೆದುಕೊಳ್ಳುವುದಿಲ್ಲ. ಚಿಲ್ಲರೆ ಇದ್ದರೆ ಚಿಂತೆ ಇಲ್ಲ.

6. ಹಳ್ಳಿ ಬಸ್ಸು ಹತ್ತುವ ಕ್ರಮ

ಸಾಮಾನ್ಯವಾಗಿ ಹಿಂದಿನ ಅಥವಾ ನಡುವಿನ ಬಾಗಿಲಲ್ಲಿ ಹತ್ತಬೇಕು. ಹತ್ತುವಾಗ ಯಂತ್ರದಿಂದ ಸಣ್ಣ ಚೀಟಿ ಬರುತ್ತದೆ, ಅದನ್ನು ಎಳೆದುಕೊಳ್ಳಿ. ಹೆಸರು ಸೇಯ್‌ರಿಕೆನ್. ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಚಾಲಕರ ಮೇಲಿನ ಪರದೆಯಲ್ಲಿ ಆ ಸಂಖ್ಯೆಯ ಕೆಳಗೆ ದರ ಏರುತ್ತಾ ಹೋಗುತ್ತದೆ. ಇಳಿಯುವ ಮುಂಚೆ ಬಟನ್ ಒತ್ತಿ, ಬಸ್ ನಿಂತ ಮೇಲೆ ಎದ್ದು, ಚೀಟಿ ಮತ್ತು ಸರಿಯಾದ ಚಿಲ್ಲರೆಯನ್ನು ಚಾಲಕರ ಪಕ್ಕದ ಡಬ್ಬಿಗೆ ಹಾಕಿ ಮುಂದಿನ ಬಾಗಿಲಲ್ಲಿ ಇಳಿಯಿರಿ. ಡಬ್ಬಿ ಬಾಕಿ ಚಿಲ್ಲರೆ ಕೊಡುವುದಿಲ್ಲ. ಪಕ್ಕದಲ್ಲಿ ಸಾವಿರದ ನೋಟಿಗೆ ಚಿಲ್ಲರೆ ಕೊಡುವ ಯಂತ್ರ ಇರುತ್ತದೆ, ಅಲ್ಲಿ ಮುರಿಸಿಕೊಂಡು ಆಮೇಲೆ ಹಾಕಬೇಕು. ಚೀಟಿ ತೆಗೆದುಕೊಳ್ಳಲು ಮರೆತರೆ ಮೊದಲ ನಿಲ್ದಾಣದಿಂದ ದರ ಕೊಡಬೇಕಾಗಬಹುದು.

ನಗೋರೊ ತರಹದ ಕಡೆಗೆ ಬಾಡಿಗೆ ಕಾರೇ ವಾಸಿ. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಪುಸ್ತಕ ಜಪಾನ್‌ನಲ್ಲಿ ನಡೆಯುತ್ತದೆ, ಏಕೆಂದರೆ ಎರಡೂ ದೇಶಗಳು 1949ರ ಜಿನೀವಾ ಒಪ್ಪಂದದಲ್ಲಿವೆ. ಇದನ್ನು ಊರಿನಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ. ಮೂಲ ಲೈಸೆನ್ಸ್ ಮತ್ತು ಪಾಸ್‌ಪೋರ್ಟನ್ನೂ ಜೊತೆಗಿಟ್ಟುಕೊಳ್ಳಿ. ಇಯಾ ಕಣಿವೆಯ ರಸ್ತೆ ಕೆಲವು ಕಡೆ ಒಂದೇ ಕಾರಿನಷ್ಟು ಅಗಲ. ಘಟ್ಟದಲ್ಲಿ ಓಡಿಸಿ ಅಭ್ಯಾಸ ಇಲ್ಲದವರು ಆ ಸಾಹಸ ಮಾಡಬೇಡಿ. ಹಿಮದ ತಿಂಗಳಲ್ಲಂತೂ ಯಾರೂ ಬೇಡ.

7. ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ನಮ್ಮವರಲ್ಲಿ ಅರ್ಧಕ್ಕರ್ಧ ಪ್ರಶ್ನೆ ಇದೇ. ಜಪಾನ್‌ನಲ್ಲಿ ಮಾಂಸ ಕಣ್ಣಿಗೆ ಕಾಣುತ್ತದೆ, ದಾಶಿ ಕಾಣುವುದಿಲ್ಲ. ದಾಶಿ ಎಂದರೆ ಸಾರು, ಪಲ್ಯ, ನೂಡಲ್ಸ್ ಎಲ್ಲಕ್ಕೂ ಹಾಕುವ ಮೂಲ ರಸ, ಸಾಮಾನ್ಯವಾಗಿ ಒಣಮೀನಿನಿಂದ ಮಾಡಿದ್ದು. ಬರೀ ತರಕಾರಿ ಇರುವ ಬಟ್ಟಲಿನಲ್ಲೂ ಅದಿರುತ್ತದೆ. 'ಮಾಂಸ ಬೇಡ' ಎಂದರೆ ಸಾಲದು, 'ಮೀನಿನ ದಾಶಿಯೂ ಬೇಡ' ಎಂದು ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ. ಸಣ್ಣ ಊರುಗಳಲ್ಲಿ ಹೋಟೆಲ್‌ಗಳು ಮಧ್ಯಾಹ್ನ ಎರಡಕ್ಕೆಲ್ಲ ಮುಚ್ಚುವುದು ಸಾಮಾನ್ಯ. ಹಣ್ಣು, ಚಪಾತಿ, ಅವಲಕ್ಕಿ ಏನಾದರೂ ಚೀಲದಲ್ಲಿ ಇರಲಿ.

ಬೆಪ್ಪುವಿನ ಕನ್ನಾವಾದಲ್ಲಿ ಒಳ್ಳೆಯ ದಾರಿ ಇದೆ. ನೆಲದಿಂದ ಏಳುವ ಬಿಸಿ ಹಬೆಯಲ್ಲಿ ನಾವೇ ಬೇಯಿಸಿಕೊಳ್ಳಲು ಒಲೆ ಬಾಡಿಗೆಗೆ ಕೊಡುತ್ತಾರೆ. ಗೆಣಸು, ಜೋಳ, ಕುಂಬಳಕಾಯಿ ಹಾಕಿ ಕಾಯಿರಿ. ಹೆಸರು ಜಿಗೋಕು ಮುಶಿ, 'ನರಕದ ಹಬೆ'. ಉಪ್ಪು ಖಾರ ನೀವೇ ಒಯ್ದರೆ ಅದಕ್ಕಿಂತ ಒಳ್ಳೆ ಊಟ ಬೇಕಿಲ್ಲ.

ಆದರೆ ಸಸ್ಯಾಹಾರಿಗಳಿಗೆ ನಾನು ಮೊದಲು ಹೇಳುವ ಹೆಸರು ಕೋಯಾಸಾನ್. ಕೂಕಾಯ್ ಎಂಬ ಭಿಕ್ಷು 816ರಲ್ಲಿ ಶುರು ಮಾಡಿದ ಬೆಟ್ಟದ ಮೇಲಿನ ದೇವಸ್ಥಾನಗಳ ಊರು. ಐವತ್ತಕ್ಕೂ ಜಾಸ್ತಿ ದೇವಸ್ಥಾನಗಳಲ್ಲಿ ತಂಗಬಹುದು, ಅದಕ್ಕೆ ಶುಕುಬೋ ಎನ್ನುತ್ತಾರೆ. ಅಲ್ಲಿ ಕೊಡುವುದು ಶೋಜಿನ್ ರ‍್ಯೋರಿ, ಭಿಕ್ಷುಗಳ ಊಟ. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ದಾಶಿಯನ್ನು ಕಡಲ ಪಾಚಿ ಮತ್ತು ಅಣಬೆಯಿಂದ ಮಾಡುತ್ತಾರೆ. ಬುಕ್ ಮಾಡುವಾಗ ಒಮ್ಮೆ ಬರೆದು ಖಚಿತ ಮಾಡಿಕೊಂಡರೆ ಸಾಕು.

ಅಲ್ಲಿಯ ಓಕುನೋಇನ್ ಸ್ಮಶಾನವನ್ನು ಎಷ್ಟು ಹೊಗಳಿದರೂ ನನಗೆ ತೃಪ್ತಿ ಇಲ್ಲ. ಎತ್ತರದ ಮರಗಳ ನಡುವೆ 2 ಕಿ.ಮೀ. ದಾರಿ, ಎರಡು ಲಕ್ಷಕ್ಕೂ ಮೇಲೆ ಸಮಾಧಿಗಳು. ದಾರಿಯ ಕೊನೆಯಲ್ಲಿ ಕೂಕಾಯ್ ಇದ್ದಾರೆ. ಅವರು 835ರಲ್ಲಿ ತೀರಿಕೊಂಡರು ಎಂದು ಅಲ್ಲಿಯವರು ಹೇಳುವುದಿಲ್ಲ, ಧ್ಯಾನದಲ್ಲಿ ಕೂತಿದ್ದಾರೆ ಎನ್ನುತ್ತಾರೆ. ದಿನಕ್ಕೆ ಎರಡು ಸಲ ಊಟ ಒಯ್ಯುತ್ತಾರೆ. ಮಂತ್ರಾಲಯದ ಬೃಂದಾವನ ನೋಡಿದ ಯಾರಿಗಾದರೂ ಇದು ತಟ್ಟನೆ ಅರ್ಥವಾಗುತ್ತದೆ. ಅಲ್ಲೇ ಕಂಪನಿಗಳು ತಮ್ಮ ನೌಕರರಿಗಾಗಿ ಕಟ್ಟಿಸಿದ ಸಮಾಧಿ ಸ್ಥಳಗಳೂ ಇವೆ. ಒಂದು ರಾಕೆಟ್ ಆಕಾರ, ಒಂದು ಕಾಫಿ ಬಟ್ಟಲು. ಗೆದ್ದಲು ಕೊಲ್ಲುವ ಉದ್ಯಮದವರು ತಾವು ಕೊಂದ ಗೆದ್ದಲುಗಳಿಗೆ 'ನೆಮ್ಮದಿಯಾಗಿ ಮಲಗಿ' ಎಂದು ಕಲ್ಲು ನೆಟ್ಟಿದ್ದಾರೆ. ಐದು ಆಕಾರಗಳನ್ನು ಒಂದರ ಮೇಲೊಂದು ಇಟ್ಟ ಕಲ್ಲುಗಳನ್ನು ಗಮನಿಸಿ. ಅವು ಪಂಚಭೂತಗಳು. ಮೇಲೆ ಕೆತ್ತಿರುವುದು ಭಾರತದಿಂದ ಹೋದ ಸಿದ್ಧಂ ಲಿಪಿಯ ಬೀಜಾಕ್ಷರಗಳು.

ಒಸಾಕಾದ ನಾಂಬಾದಿಂದ ನಾಂಕಾಯ್ ರೈಲಿನಲ್ಲಿ ಗೊಕುರಾಕುಬಾಶಿವರೆಗೆ, ಅಲ್ಲಿಂದ ಐದು ನಿಮಿಷ ಕೇಬಲ್ ಕಾರು, ಆಮೇಲೆ ಬಸ್. ಮೇಲಿನ ನಿಲ್ದಾಣದಿಂದ ಊರಿಗೆ ಹೋಗುವ ಆ ರಸ್ತೆ ಬಸ್ಸಿಗೆ ಮಾತ್ರ, ನಡೆದು ಹೋಗುವ ಹಾಗಿಲ್ಲ. ಸಂಜೆ ಐದರೊಳಗೆ ಶುಕುಬೋ ತಲುಪಿ, ಊಟ ಬೇಗ ಕೊಡುತ್ತಾರೆ. ಸುಮಾರು 800 ಮೀಟರ್ ಎತ್ತರ ಇರುವುದರಿಂದ ಬೇಸಿಗೆ ಬಿಟ್ಟರೆ ಉಳಿದ ಕಾಲದಲ್ಲಿ ಸ್ವೆಟರ್ ಬೇಕು. ಕೊನೆಯ ಸೇತುವೆ ದಾಟಿದ ಮೇಲೆ ಫೋಟೊ ತೆಗೆಯಬಾರದು.

8. ಜಾಗದಲ್ಲಿ ನಡೆದುಕೊಳ್ಳುವುದು

ವಿಚಿತ್ರ ಎಂದು ನಾವು ನೋಡಲು ಹೋಗುವುದು ಅಲ್ಲಿಯವರಿಗೆ ವಿಚಿತ್ರವಲ್ಲ. ಒಸೊರೆಜಾನ್‌ನಲ್ಲಿ ಕಲ್ಲುಗಳ ನಡುವೆ ತಿರುಗುವ ಬಣ್ಣದ ಗಿರಗಟ್ಟೆಗಳು ಸತ್ತ ಮಕ್ಕಳಿಗೆ ತಂದೆತಾಯಿ ಇಟ್ಟದ್ದು. ಮುಟ್ಟಬೇಡಿ, ಅದರ ಜೊತೆ ಸೆಲ್ಫಿ ಬೇಡ. ನಗೋರೊದಲ್ಲಿ ಮನೆಗಳ ಅಂಗಳಕ್ಕೆ ಕಾಲಿಡಬೇಡಿ.

ಬಿಸಿನೀರಿನ ಸ್ನಾನಕ್ಕೆ ಹಿಂಜರಿಯುವವರು ತುಂಬಾ. ಓನ್ಸೆನ್, ಅಂದರೆ ಬಿಸಿನೀರಿನ ಸ್ನಾನಗೃಹದಲ್ಲಿ ಬಟ್ಟೆ ಪೂರ್ತಿ ತೆಗೆಯಬೇಕು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಇರುತ್ತದೆ, ನೀರಿಗೆ ಇಳಿಯುವ ಮುಂಚೆ ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಳ್ಳಬೇಕು, ಟವೆಲ್ಲನ್ನು ನೀರಿಗೆ ಅದ್ದಬಾರದು. ಹಚ್ಚೆ ಇದ್ದರೆ ಕೆಲವು ಕಡೆ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ನಾಚಿಕೆ ಆಗುವವರಿಗೆ ದಕ್ಷಿಣದ ಇಬುಸುಕಿಯಲ್ಲಿ ಮರಳಿನ ಸ್ನಾನ ಇದೆ. ಯುಕಾತಾ, ಅಂದರೆ ಹತ್ತಿಯ ನಿಲುವಂಗಿ ತೊಟ್ಟೇ ಸಮುದ್ರದ ದಡದಲ್ಲಿ ಮಲಗಬೇಕು, ಮೇಲೆ ಬಿಸಿ ಮರಳು ಹಾಕಿ ಕತ್ತಿನವರೆಗೆ ಮುಚ್ಚುತ್ತಾರೆ. ಹತ್ತು ನಿಮಿಷ ಸಾಕು. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮಾಡಬೇಡಿ.

9. ಲಗೇಜು, ಮತ್ತು ಬಸ್ ತಪ್ಪಿದರೆ

ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಈ ಜಾಗಗಳಿಗೆ ಹೋಗಬೇಡಿ. ತಕ್ಕ್ಯೂಬಿನ್ ಎಂಬ ಸೇವೆ ಇದೆ, ಒಂದು ಹೋಟೆಲ್‌ನಿಂದ ಮುಂದಿನ ಹೋಟೆಲ್‌ಗೆ ಸೂಟ್‌ಕೇಸ್ ತಲುಪಿಸುತ್ತಾರೆ. ಸಾಮಾನ್ಯವಾಗಿ ಮರುದಿನ ಬರುತ್ತದೆ, ದೂರವಾದರೆ ಇನ್ನೊಂದು ದಿನ. ಅಷ್ಟು ಹೊತ್ತಿಗೆ ಬೇಕಾದ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಬೆನ್ನಿನ ಚೀಲದಲ್ಲೇ ಇರಲಿ. ಸಣ್ಣ ನಿಲ್ದಾಣಗಳಲ್ಲಿ ಲಾಕರ್ ಇರುತ್ತದೆ ಎಂದು ನಂಬಿ ಹೋಗಬೇಡಿ.

ಎಲ್ಲ ಮಾಡಿಯೂ ಕೊನೆಯ ಬಸ್ ತಪ್ಪಿದರೆ ಗಾಬರಿಯಾಗಬೇಡಿ. ರೈಲು ನಿಲ್ದಾಣ ಅಥವಾ ಪ್ರವಾಸಿ ಮಾಹಿತಿ ಕೇಂದ್ರದ ಹತ್ತಿರ ಟ್ಯಾಕ್ಸಿ ಕಂಪನಿಯ ನಂಬರ್ ಅಂಟಿಸಿರುತ್ತಾರೆ. ಅಂಗಡಿಯವರಿಗೆ ಅನುವಾದದ ಆ್ಯಪಿನಲ್ಲಿ ತೋರಿಸಿ, ಟ್ಯಾಕ್ಸಿಗೆ ಫೋನ್ ಮಾಡಿಕೊಡಿ ಎಂದು ಕೇಳಿದರೆ ಮಾಡಿಕೊಡುತ್ತಾರೆ. ಅಂಗಡಿಯೂ ಮುಚ್ಚಿದ್ದರೆ ಕೋಬಾನ್ ಹುಡುಕಿ. ಕೋಬಾನ್ ಎಂದರೆ ಬಡಾವಣೆಯ ಸಣ್ಣ ಪೊಲೀಸ್ ಚೌಕಿ, ದಾರಿ ತಪ್ಪಿದವರಿಗೆ ಸಹಾಯ ಮಾಡುವುದು ಅವರ ದಿನನಿತ್ಯದ ಕೆಲಸ. ಇವತ್ತಿನ ಹೋಟೆಲ್‌ನ ಹೆಸರು, ಫೋನ್ ನಂಬರ್ ಜಪಾನಿಯಲ್ಲಿ ಬರೆದ ಚೀಟಿ ಜೇಬಿನಲ್ಲಿ ಇರಲಿ, ಫೋನಿನ ಚಾರ್ಜ್ ಮುಗಿದಾಗ ತೋರಿಸಲು.